ಕೌದಿಯವ್ವನಿಗೆ, ಮತ್ತೆ ನಿಮಗೆಲ್ಲ

ಮೊನ್ನೆ ಶನಿವಾರ ರಾತ್ರಿ ನಮ್ಮೂರ ಹನುಮಪ್ಪನ ಗುಡಿ ಮುಂದೆ ಮತ್ತೆ ತೊಗಲುಗೊಂಬೆ ಆಟಕ್ಕೆ ಪರದೆ ಕಟ್ಟಿದೆವು. ಹದಿನಾಲ್ಕು ತಿಂಗಳಾಗಿತ್ತು. ಅಪ್ಪ ಗಣಪತಿ ಗೊಂಬೆಯನ್ನು ಪರದೆಗೆ ತಾಗಿಸಿದ ಕೂಡಲೇ ಮುಂದೆ ಕೂತವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಟ ಇನ್ನೂ ಶುರುವೇ ಆಗಿರಲಿಲ್ಲ. ನನ್ನ ಗಂಟಲು ಕಟ್ಟಿತು. ಮೊದಲ ಸಾಲನ್ನು ಹಾರ್ಮೋನಿಯಂ ಮಾಸ್ತರರೇ ಎತ್ತಿಕೊಂಡರು. ಎರಡನೇ ಸಾಲಿಗೆ ನಾನು ಸೇರಿದೆ.

ಹೋದ ವರ್ಷದ ಮಳೆಯಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ನಮ್ಮ ಮನೆಯ ಬಿದ್ದ ಗೋಡೆಯ ಫೋಟೋ ನೋಡಿದ್ದೀರಿ. ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಆ ರಾತ್ರಿ ಗೊಂಬೆಗಳು ಹೇಗೆ ಉಳಿದವು ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳದೆ ನಾನು ಯಾರಿಗೂ ಥ್ಯಾಂಕ್ಸ್ ಹೇಳಲಾರೆ.

ಪೆಟ್ಟಿಗೆ ಮುಚ್ಚಳ ತೆಗೆದಾಗ ರಾತ್ರಿ ಹತ್ತೂವರೆ. ಒಳಗೆ 86 ಗೊಂಬೆ ಇದ್ದವು. ಮೇಲೆ ಗಣಪತಿ, ಸರಸ್ವತಿ. ಅವರ ಕೆಳಗೆ ರಾಮ, ಸೀತೆ, ಲಕ್ಷ್ಮಣ. ರಾಕ್ಷಸರದು ಬೇರೆ ಗಂಟು. ಮಂದಿಯನ್ನು ನಗಿಸುವ ಕಿಳ್ಳೇಕ್ಯಾತ, ಬಂಗಾರಕ್ಕ ಒಂದು ಬದಿಗೆ. ಮುತ್ತಜ್ಜ ಹೇಗೆ ಜೋಡಿಸುತ್ತಿದ್ದನೋ ಹಾಗೇ ಜೋಡಿಸುತ್ತಾ ಬಂದಿದ್ದೇವೆ. ನೀರು ತಳದಿಂದ ಏರಿತ್ತು, ಮೇಲಿಂದಲೂ ಸುರಿದಿತ್ತು. ರಾವಣನ ಒಡ್ಡೋಲಗ ಅಂತ ಒಂದು ದೊಡ್ಡ ಗೊಂಬೆ ಇತ್ತು, ಒಂದೇ ತೊಗಲಿನಲ್ಲಿ ಏಳು ಮಂದಿ ಇರುವುದು. ಎತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ಜೋತು ಬಿತ್ತು. ಆಡಿನ ತೊಗಲನ್ನು ನೆನೆಸಿ, ಕೂದಲು ಹೆರೆದು, ಬೆಳಕು ತೂರುವಷ್ಟು ತೆಳ್ಳಗೆ ಮಾಡಿರುತ್ತೇವೆ. ಅದು ನೀರು ಕುಡಿದರೆ ಮತ್ತೆ ಹಸಿ ತೊಗಲೇ.

ಅಪ್ಪ ಒಲೆ ಹಚ್ಚಲು ಎದ್ದ. ಬೇಗ ಒಣಗಿಸಬೇಕು ಅನ್ನೋದೊಂದೇ ಅವನ ತಲೆಯಲ್ಲಿತ್ತು. ಆಗ ಮೊಣಕಾಲು ನೀರಿನಲ್ಲಿ ಲಾಟೀನು ಹಿಡಿದು ಬಂದವಳು ಪಕ್ಕದ ಮನೆ ಕೌದಿಯವ್ವ.

"ಬೆಂಕಿ ಬ್ಯಾಡ. ಹಸಿ ಚಪ್ಪಲಿ ಒಲಿ ಮುಂದ ಇಟ್ರ ಏನಾಗ್ತೈತಿ ನೋಡಿಲ್ಲೇನು?"

ಅವಳು ಗೊಂಬೆ ಆಡಿಸಿದವಳಲ್ಲ. ನಲವತ್ತು ವರ್ಷದಿಂದ ಹಳೆ ಸೀರೆ, ಹಳೆ ಧೋತರ ಸೇರಿಸಿ ಕೌದಿ ಹೊಲಿಯುತ್ತಿದ್ದಾಳೆ. ಬಟ್ಟೆ ಎಷ್ಟು ನೀರು ಹೀರುತ್ತದೆ, ಯಾವುದು ಬಣ್ಣ ಬಿಡುತ್ತದೆ, ಯಾವುದು ಸುಕ್ಕು ಹಿಡಿಯುತ್ತದೆ, ಎಲ್ಲ ಅವಳ ಬೆರಳಿಗೆ ಗೊತ್ತು. ಅವಳ ಮನೆ ಕಟ್ಟೆ ಎತ್ತರ. ಪೆಟ್ಟಿಗೆಯನ್ನು ಅವಳ ಪಡಸಾಲೆಗೆ ಹೊತ್ತೆವು. ಅವಳು ನೆಲದ ಮೇಲೆ ಒಂದು ಕೌದಿ ಹಾಸಿದಳು. ಮೇಲೆ ಗೊಂಬೆಗಳನ್ನು ಕೈಕಾಲು ಬಿಡಿಸಿ ಮಲಗಿಸಿದೆವು. ಮೇಲೆ ಇನ್ನೊಂದು ಕೌದಿ. ಮತ್ತೆ ಗೊಂಬೆ, ಮತ್ತೆ ಕೌದಿ. ಎಲ್ಲಕ್ಕಿಂತ ಮೇಲೆ ಹಲಗೆ ಇಟ್ಟು ಜೋಳದ ಚೀಲ ಹೇರಿದೆವು. ತಾಸಿಗೊಮ್ಮೆ ಚೀಲ ಇಳಿಸುವುದು, ನೀರು ಹೀರಿದ ಕೌದಿ ತೆಗೆದು ಒಣಗಿದ್ದು ಹಾಕುವುದು. ಒಣಗಿದವು ಮುಗಿದಾಗ ಟ್ರಂಕು ತೆಗೆದಳು. ಅದರಲ್ಲಿದ್ದವು ಅವಳ ಸ್ವಂತದ್ದಲ್ಲ. ಮಂದಿ ಹೊಲಿಯಲು ಕೊಟ್ಟು, ಮುಗಿದು, ಒಯ್ಯಲು ಬರಬೇಕಿದ್ದ ಒಂಬತ್ತು ಕೌದಿ. ಕಡೆಗೆ ಒಂದು ಪುಟ್ಟದು ಉಳಿಯಿತು, ಬಾಣಂತನಕ್ಕೆ ಅಂತ ಹೊಲಿದದ್ದು. "ಅದು ಬೇಡ ಅವ್ವಾ" ಅಂದೆ. "ಕೂಸು ಇನ್ನೂ ಹುಟ್ಟಿಲ್ಲ, ಮತ್ತೊಂದು ಹೊಲೀತೀನಿ" ಅಂದು ಅದನ್ನೂ ಹಾಸಿದಳು.

ರಾತ್ರಿ ಮೂರರ ಸುಮಾರಿಗೆ ಸೀತೆಯ ಮೇಲಿನ ಕೌದಿ ಎತ್ತಿದೆ. ಸೀತೆಯ ಮುಖ ಕೌದಿಗೆ ಅಂಟಿಕೊಂಡು ಬಂತು. ಕಣ್ಣು, ಮೂಗುತಿ, ಹಣೆಬೊಟ್ಟು, ಎಲ್ಲ ಬಟ್ಟೆಗೆ. ತೊಗಲಿನ ಮೇಲೆ ಏನೂ ಇರಲಿಲ್ಲ. ನಾನು ಹತ್ತು ವರ್ಷದವಳಿದ್ದಾಗಿನಿಂದ ದನಿ ಕೊಟ್ಟ ಗೊಂಬೆ ಅದು.

ಆಗ ನಾನು ಆಡಿದ ಮಾತು ಬರೆಯಲೇಬೇಕು. "ಎಲ್ಲ ಹೊಳೆಗೆ ಬಿಡೋಣ. ಇದರಿಂದ ನಮಗೆ ಏನು ಸಿಕ್ಕಿದೆ? ಅವ್ವ ಸತ್ತಾಗಲೂ ನೀನು ಈ ಪೆಟ್ಟಿಗೆ ಹೊತ್ತು ಊರೂರು ತಿರುಗುತ್ತಿದ್ದೆ" ಅಂತ ಅಪ್ಪನಿಗೆ ಕೂಗಿದೆ. ಅಪ್ಪ ಏನೂ ಅನ್ನಲಿಲ್ಲ. ಕೈಯಲ್ಲಿದ್ದ ಲಕ್ಷ್ಮಣನನ್ನು ಕೆಳಗಿಟ್ಟು ಗೋಡೆ ಕಡೆ ತಿರುಗಿ ಕೂತ. ಮಳೆ ಬಾರದ ವರ್ಷ ಊರಿನವರು ನಮ್ಮನ್ನು ಕರೆದು ಆಟ ಆಡಿಸುತ್ತಾರೆ. ಮಳೆ ಬರಲಿ ಅಂತ ಎಷ್ಟು ರಾತ್ರಿ ಹಾಡಿದ್ದೇನೋ. ಆ ರಾತ್ರಿ ಅದೇ ಬಾಯಲ್ಲಿ ಮಳೆಗೆ ಬೈದೆ, ಅಪ್ಪನಿಗೆ ಬೈದೆ, ಗೊಂಬೆಗೂ ಬೈದೆ.

ಕೌದಿಯವ್ವ ನನ್ನನ್ನು ಸಮಾಧಾನ ಮಾಡಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಹನುಮಂತನ ಬಾಲ ಸುರುಳಿ ಸುತ್ತುತ್ತಿತ್ತು. "ಇದನ್ನ ಜಗ್ಗಿ ಹಿಡಿ" ಅಂದಳು. ಹಿಡಿದೆ. ಬೆಳಗಿನ ಕೋಳಿ ಕೂಗುವವರೆಗೆ ಆ ಬಾಲ ಹಿಡಿದೇ ಕೂತಿದ್ದೆ. ಅವಳು ಒಂದು ನಿಮಿಷವೂ ನೆಲಕ್ಕೆ ಬೆನ್ನು ಹಚ್ಚಲಿಲ್ಲ. ಅಪ್ಪನ ಕೈಗೆ ಒಂದು ಲೋಟ ಚಹಾ ಕೊಟ್ಟು, ಅವನನ್ನು ಅವಳೇ ನನ್ನ ಪಕ್ಕಕ್ಕೆ ತಂದು ಕೂರಿಸಿದಳು.

ಬೆಳಗಾದಾಗ 71 ಗೊಂಬೆ ಚಪ್ಪಟೆಯಾಗಿ, ಸುಕ್ಕಿಲ್ಲದೆ ಉಳಿದಿದ್ದವು. 15 ಹೋದವು, ಸೀತೆ ಕೂಡ. ನಮ್ಮಲ್ಲಿ ಹಾಳಾದ ಗೊಂಬೆಯನ್ನು ಎಸೆಯುವುದಿಲ್ಲ. ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಹುಲಿಗಿಗೆ ಹೋಗಿ ತುಂಗಭದ್ರೆಗೆ ಬಿಟ್ಟೆವು. ಕೌದಿಯವ್ವನೂ ಬಂದಿದ್ದಳು. ಅವಳು ಪ್ರತಿ ಕೌದಿಯ ಕಡೆಯ ಮೂಲೆ ಹೊಲಿಯುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಡುತ್ತಾಳೆ. ಕೌದಿ ಹೊಟ್ಟೆ ಖಾಲಿ ಇರಬಾರದಂತೆ. ಸೀತೆಯ ಗಂಟಿಗೂ ಒಂದು ಚೂರು ರೊಟ್ಟಿ ಇಟ್ಟು ಗಂಟು ಬಿಗಿದಳು. ಅಲ್ಲಿ ನಾನು ಅತ್ತೆ. ಆ ಇಡೀ ತಿಂಗಳಲ್ಲಿ ಸರಿಯಾಗಿ ಅತ್ತದ್ದು ಅವತ್ತೇ.

ಆ ಒಂಬತ್ತು ಕೌದಿಗಳಿಗೆ ಕೆಂಪು, ಹಸಿರು ಕಲೆ ಹಿಡಿದಿತ್ತು. ಅವಳು ಎಲ್ಲವನ್ನೂ ಹೊಸದಾಗಿ ಹೊಲಿದು ಕೊಟ್ಟಳು. ಚಳಿಗಾಲ ಪೂರ್ತಿ ಅದೇ ಕೆಲಸ. ನಾನು ಹಣ ಕೊಡಲು ಹೋದಾಗ ಬೇಡ ಅಂದಳು. ಎರಡನೇ ಸಲ ಕೊಡಲು ಹೋದಾಗ ನಾಲ್ಕು ದಿನ ಮಾತು ಬಿಟ್ಟಳು. ಮೂರನೇ ಸಲ ಹೋಗಲಿಲ್ಲ.

ಗೊಂಬೆ ಉಳಿದವು, ಆದರೆ ಅಪ್ಪ ಉಳಿ ಮುಟ್ಟದೆ ತಿಂಗಳುಗಟ್ಟಲೆ ಸುಮ್ನೆ ಕೂತಿದ್ದ. 2025ರ ಜನವರಿಯಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಅಂತ ಸುದ್ದಿ ಬಂತು. ಆಗ ಅಜ್ಜಿಗೆ 96 ವರ್ಷ, ಬಾಳೆಲ್ಲ ತೊಗಲುಗೊಂಬೆ ಆಡಿಸಿದವರು. ಅಪ್ಪ ಪೇಪರನ್ನು ಎರಡು ಸಲ ಓದಿಸಿಕೊಂಡ. ಆಮೇಲೆ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಮಾತು ತೆಗೆದ. ಅವರು ಗಾಂಧೀಜಿಯನ್ನೇ ತೊಗಲುಗೊಂಬೆ ಮಾಡಿ ಪರದೆ ಮೇಲೆ ನಡೆಸಿದವರು. 2023ರಲ್ಲಿ ತೀರಿಕೊಂಡರು. "ಅವರು ಗಾಂಧಿ ಅಜ್ಜನ್ನ ಹೊಸದಾಗಿ ಕೆತ್ತಿದ್ರು. ನಾನು ಒಂದು ಸೀತಮ್ಮನ್ನ ಕೆತ್ತಾಕ ಆಗಲ್ಲೇನು?" ಅಂದ. ಸಂಜೆಗೆ ಉಳಿ ಮಸೆಯುವ ಸದ್ದು ಕೇಳಿತು. ಭೀಮವ್ವಜ್ಜಿಗೆ ನನ್ನ ಪರಿಚಯವಿಲ್ಲ. ಆದರೂ ಅವರಿಗೆ ನನ್ನ ನಮಸ್ಕಾರ.

ಹೊಸ ಗೊಂಬೆಗಳ ಕಣ್ಣು ಬರೆದುಕೊಟ್ಟವರು ಕಿನ್ನಾಳದ ಒಬ್ಬ ಹಿರಿಯ ಚಿತ್ರಗಾರರು. ಅವರದು ಮರದ ಗೊಂಬೆ ಮಾಡುವ ಮನೆತನ. ಹಂಪಿ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ ಬರೆದದ್ದು ತಮ್ಮ ಹಿರಿಯರೇ ಅಂತ ಕಿನ್ನಾಳದವರು ಹೇಳುತ್ತಾರೆ. ಅವರ ಬಣ್ಣ ಮರದ ಮೇಲೆ ಗಟ್ಟಿಯಾಗಿ ಕೂರುತ್ತದೆ, ಬೆಳಕನ್ನು ಬಿಡುವುದಿಲ್ಲ. ನಮಗೆ ಬೇಕಾದದ್ದು ಬೆಳಕು ತೂರುವ ಬಣ್ಣ. ಅದಕ್ಕೆ ಅವರು ಬಣ್ಣದ ಬಟ್ಟಲನ್ನು ಪಕ್ಕಕ್ಕಿಟ್ಟು ಬರೀ ಕುಂಚ ಎತ್ತಿಕೊಂಡರು. "ಬಣ್ಣ ನಿಮ್ಮದೇ ಇರಲಿ, ಗೆರೆ ನನ್ನದು" ಅಂದರು. ಸೀತೆಯ ಕಣ್ಣು ಒಂದೇ ಉಸಿರಿಗೆ ಬರೆದರು.

ಗಂಗಾವತಿಯಿಂದ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ತಂದ ಹಾರ್ಮೋನಿಯಂ ಮಾಸ್ತರರಿಗೆ, ಮದ್ದಳೆ ಅಣ್ಣನಿಗೆ, ತೊಗಲು ಕೊಟ್ಟು ದುಡ್ಡು ಮುಟ್ಟದ ಮಟನ್ ಅಂಗಡಿ ಭಾಯಿಗೆ, ಪ್ರತಿ ಗೊಂಬೆಯ ಫೋಟೋ ತೆಗೆದಿಟ್ಟ ಬಳ್ಳಾರಿ ಗೆಳತಿಗೆ, ಗೋಡೆ ಎಬ್ಬಿಸಲು ಹಣ ಕಳಿಸಿದ ನಿಮಗೆಲ್ಲರಿಗೂ ಕೈ ಮುಗಿಯುತ್ತೇನೆ. ಅಪ್ಪಾ, ಆ ರಾತ್ರಿ ಆಡಿದ ಮಾತಿಗೆ ನಿನ್ನೆದುರು ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ. ತಮ್ಮ ಓದಿ ಹೇಳುತ್ತಾನೆ.

ಆಟದ ರಾತ್ರಿ ಅಪ್ಪ ಕೌದಿಯವ್ವನನ್ನು ಪರದೆ ಹಿಂದೆ ಕರೆದ. ಮನೆಯವರಲ್ಲದವರನ್ನು ಅಲ್ಲಿಗೆ ಅವನು ಕರೆದದ್ದು ನಾನು ನೋಡಿಯೇ ಇಲ್ಲ. ಅವಳು ನನ್ನ ಪಕ್ಕದಲ್ಲಿ ಕಾಲು ಮಡಚಿ ಕೂತಳು. ಸೀತೆ ಪರದೆಗೆ ಬಂದಾಗ ಬಲ್ಬಿನ ಬೆಳಕು ತೊಗಲಿನ ತೂತುಗಳಿಂದ ತೂರಿ ಅವಳ ಮುಖದ ಮೇಲೂ ಚುಕ್ಕಿ ಚುಕ್ಕಿಯಾಗಿ ಬಿತ್ತು. ಅವಳು ಗೊಂಬೆ ಕಡೆ ಜಾಸ್ತಿ ನೋಡಲಿಲ್ಲ. ಪರದೆಯ ಅಂಚನ್ನೇ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಬೆಳಗ್ಗೆ ಪರದೆ ಬಿಚ್ಚುವಾಗ ಬಂದು ಅಪ್ಪನಿಗೆ ಅಂದಳು, "ಧೋತರ ಹಳತಾಗೈತಿ, ಮುಂದಿನ ಆಟಕ್ಕ ತಡಿಯಂಗಿಲ್ಲ. ಹೊಸಾದು ತಗೋ. ಇದನ್ನ ನನಗ ಕೊಡು." ಮಡಚಿ ಬಗಲಲ್ಲಿಟ್ಟುಕೊಂಡು ಹೋದಳು. ಗೊಂಬೆ ಪೆಟ್ಟಿಗೆಗೆ ಹಾಸಲು ಒಂದು ಕೌದಿ ಮಾಡುತ್ತಾಳಂತೆ, ಈ ಪರದೆಯೇ ಅದರ ಒಳಪದರ. ಇವತ್ತು ಮಧ್ಯಾಹ್ನ ಹೋಗಿ ನೋಡಿದೆ. ಮೂರು ಮೂಲೆ ಆಗಿದೆ.