ಮಾಸಿದ ಬಿಲ್ಲಿಗೆ ಯಾರು ಹೊಣೆ?

ಮಾನ್ಯ ಸಂಪಾದಕರೇ,

ಶಿಕ್ಷಕರ ವೈದ್ಯಕೀಯ ವೆಚ್ಚ ಮರುಪಾವತಿಯ ಕಡತಗಳು ನಮ್ಮ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕೊಳೆಯುತ್ತಿರುವ ಕುರಿತ ತಮ್ಮ ವರದಿಯನ್ನೂ, ‘ಬಾಕಿ ಯಾವುದೂ ಇಲ್ಲ’ ಎಂಬ ಅಧಿಕಾರಿಗಳ ಸಮಜಾಯಿಷಿಯನ್ನೂ ಓದಿದೆ. ಆ ಮಾತನ್ನು ನಿಜ ಮಾಡಲೆಂದೋ ಏನೋ, ನಿನ್ನೆ ನನ್ನ ಕಡತವನ್ನು ‘ಔಷಧಿ ಬಿಲ್ಲುಗಳು ಅಸ್ಪಷ್ಟ, ಮೂಲ ಪ್ರತಿ ಸಲ್ಲಿಸುವುದು’ ಎಂಬ ಷರಾದೊಂದಿಗೆ ವಾಪಸು ಕಳುಹಿಸಿದ್ದಾರೆ.

ನಾನು ಕೊಟ್ಟಿದ್ದು ಮೂಲ ಪ್ರತಿಗಳನ್ನೇ. ಔಷಧಿ ಅಂಗಡಿಗಳಲ್ಲಿ ಯಂತ್ರದಿಂದ ಹರಿದುಕೊಡುವ ಆ ನುಣುಪು ಕಾಗದದ ಮೇಲಿನ ಅಕ್ಷರ ಬಹುಕಾಲ ನಿಲ್ಲುವುದಿಲ್ಲ. ಸಲ್ಲಿಸುವಾಗ ಮಾತ್ರೆಯ ಬ್ಯಾಚ್ ಸಂಖ್ಯೆಯವರೆಗೂ ಓದಲು ಬರುತ್ತಿದ್ದ ಹಾಳೆಗಳು ಈಗ ಬೆಳ್ಳಗಾಗಿದ್ದು, ವೈದ್ಯರ ಮೇಲುರುಜು ಮತ್ತು ಕಚೇರಿಯ ಸ್ವೀಕೃತಿ ಮೊಹರು ಮಾತ್ರ ಢಾಳಾಗಿ ಉಳಿದಿವೆ. ಬಿಲ್ಲು ಯಾರ ಬೀರುವಿನಲ್ಲಿ ಮಾಸಿತೆಂದು ಆ ಮೊಹರಿನ ದಿನಾಂಕವೇ ಹೇಳುತ್ತದೆ.

ನನ್ನ ಪತ್ನಿಯ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಡೆದಾಗ ಸರ್ಕಾರಿ ನೌಕರರಿಗೆ ನಗದುರಹಿತ ಚಿಕಿತ್ಸೆ ಕೊಡುವ ಆರೋಗ್ಯ ಸಂಜೀವಿನಿ ಯೋಜನೆ ಇನ್ನೂ ಜಾರಿಯಾಗಿರಲಿಲ್ಲ. ಅಂದಿದ್ದ ಜ್ಯೋತಿ ಸಂಜೀವಿನಿ ಹೃದ್ರೋಗ, ಕ್ಯಾನ್ಸರ್, ನರರೋಗದಂತಹ ದೊಡ್ಡ ಕಾಯಿಲೆಗಳಿಗೆ ಮೀಸಲಾಗಿತ್ತು. ಅಪೆಂಡಿಕ್ಸ್‌ಗೆ ಆ ಅಂತಸ್ತು ಇರಲಿಲ್ಲ. ಒಡವೆ ಅಡವಿಟ್ಟು ಆಸ್ಪತ್ರೆಗೆ ಕಟ್ಟಿ, ಚಿಕಿತ್ಸಾ ವೆಚ್ಚದ ಮರುಪಾವತಿಗೆ ಅವಕಾಶವಿರುವ 1963ರ ವೈದ್ಯಕೀಯ ಹಾಜರಾತಿ ನಿಯಮಗಳನ್ನು ನಂಬಿ ಅರ್ಜಿ ಹಾಕಿದೆ. ಒಡವೆಯ ಬಡ್ಡಿಗೆ ಯಾವ ನಿಯಮದಲ್ಲೂ ಮರುಪಾವತಿ ಇಲ್ಲ. ಕೊಟ್ಟರೂ ಆಸ್ಪತ್ರೆಯ ಬಿಲ್ಲಿನಷ್ಟು ಕೊಡುವುದಿಲ್ಲ, ಕೇಂದ್ರ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ದರಕ್ಕೆ ಇಳಿಸಿಯೇ ಕೊಡುತ್ತಾರೆಂಬುದು ಗೊತ್ತಿದ್ದೂ ಕಾಯುತ್ತಿದ್ದೇನೆ. ಈಗ ಹೊಸದಾಗಿ ಬಿಲ್ಲು ಬರೆಸಿಕೊಂಡು ಬರಲು ಅಂಗಡಿಯೇನೋ ಇದೆ, ಆದರೆ ಮೇಲುರುಜು ಹಾಕಿ ಆ ಔಷಧಿಗಳು ಬೇಕಿದ್ದವೆಂಬ ಅವಶ್ಯಕತಾ ಪ್ರಮಾಣಪತ್ರ ಕೊಟ್ಟ ವೈದ್ಯರು ಆ ಆಸ್ಪತ್ರೆಯನ್ನೇ ಬಿಟ್ಟುಹೋಗಿದ್ದಾರೆ.

ಈ ಕಚೇರಿಯ ಪರಿಪಾಠ ಹೊಸದಲ್ಲ. ಹಿಂದಿದ್ದ ಅಧಿಕಾರಿಗಳು ವರ್ಷವಿಡೀ ‘ಅನುದಾನ ಬಂದಿಲ್ಲ’ ಎಂದರು; ಮಾರ್ಚ್ ಕಳೆದ ಮೇಲೆ ‘ಬಂದ ಅನುದಾನ ವಾಪಸಾಯಿತು’ ಎಂದರು. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರನ್ನು ಕೇಳಿದರೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎನ್ನುತ್ತಾರೆ, ಸಾಹೇಬರನ್ನು ಕೇಳಿದರೆ ವಿಷಯ ನಿರ್ವಾಹಕರತ್ತ ಬೆರಳು ತೋರಿಸುತ್ತಾರೆ. ನಿವೃತ್ತರಾದ ನಮ್ಮ ಮುಖ್ಯ ಶಿಕ್ಷಕರ ಗಳಿಕೆ ರಜೆ ನಗದೀಕರಣವೂ ಇದೇ ಮೇಜಿನಲ್ಲಿ ಕೊಳೆತಿತ್ತು. ಆದರೆ ಆರೋಗ್ಯ ಸಂಜೀವಿನಿಯೆಂಬ ಹೊಸ ಯೋಜನೆಯ ಹೆಸರಿನಲ್ಲಿ ನಮ್ಮಂತಹ ‘ಸಿ’ ವೃಂದದವರ ಸಂಬಳದಿಂದ ತಿಂಗಳಿಗೆ 350 ರೂಪಾಯಿ ಕಡಿತ ಮಾಡುವುದರಲ್ಲಿ ಮಾತ್ರ ಅನುದಾನ, ಮೀಟಿಂಗು, ಅಸ್ಪಷ್ಟತೆ ಯಾವುದೂ ಅಡ್ಡ ಬರುವುದಿಲ್ಲ.

ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು. ಹಣ ಮಂಜೂರು ಮಾಡಲಿ, ಇಲ್ಲವೇ ಕೊಡುವುದಿಲ್ಲವೆಂದು ಬರೆದುಕೊಡಲಿ. ಎರಡೂ ಆಗದಿದ್ದರೆ ಆ ಕುರ್ಚಿಗಳಲ್ಲಿ ಕೂತಿರುವುದಾದರೂ ಯಾವ ಘನಕಾರ್ಯಕ್ಕೆ?

– ನೊಂದ ಶಿಕ್ಷಕ