ಹದಿನಾಲ್ಕು ಸಾವಿರ ಹೆಜ್ಜೆ ನಡೆದವನು ನಾನಲ್ಲ

ಹೋದ ವರ್ಷ ಎಳ್ಳಮಾವಾಸ್ಯೆಯ ಮರುದಿನ ನಸುಕಿನಲ್ಲಿ ನನಗೆ ಎದೆ ಹಿಡಿದುಕೊಂಡಿತು. ಹೊಲದಲ್ಲಿ ಹಬ್ಬದ ಭಜ್ಜಿ (ಕಾಳು, ಸೊಪ್ಪು, ತರಕಾರಿ ಹಾಕಿದ ಪಲ್ಯ) ಜಾಸ್ತಿ ತಿಂದಿದ್ದೆ, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗಲು ಹೊರಟಿದ್ದೆ. ಹೆಂಡತಿ ಕೇಳಲಿಲ್ಲ, 108ಕ್ಕೆ ಫೋನ್ ಮಾಡಿಯೇಬಿಟ್ಟಳು. ಕಲಬುರಗಿಯಲ್ಲೇ ಸ್ಟೆಂಟ್ ಹಾಕಿದರು. ಹಿಂದೆಲ್ಲ ಇಂಥದ್ದಕ್ಕೆ ಸೋಲಾಪುರ, ಇಲ್ಲಾ ಹೈದರಾಬಾದ್ ಅಂತ ಓಡಬೇಕಿತ್ತು. ಈ ವರ್ಷದ ಎಳ್ಳಮಾವಾಸ್ಯೆಯೂ ಮುಗಿಯಿತು, ನಾನು ಇದ್ದೀನಿ. ಇದಕ್ಕೆ ಕಾರಣರಾದವರಿಗೆ ನಾಲ್ಕು ಮಾತು ಹೇಳಬೇಕು.

ಮೊದಲು ಪುಣೆಯಲ್ಲಿರುವ ಮಗಳಿಗೆ. ಡಿಸ್ಚಾರ್ಜ್ ಆದ ದಿನವೇ ನನ್ನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿ, ಲೆಕ್ಕ ತನಗೂ ಕಾಣುವ ಹಾಗೆ ಮಾಡಿ ಹೋದಳು. ಗುಳಿಗೆ ಹೊತ್ತಿಗೆ ಅಲಾರಂ, ಅದರಲ್ಲಿ ಅವಳದೇ ದನಿ: "ಅಪ್ಪಾ, ಗುಳಿಗಿ ತಗೋ." ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮ. ತೊಗರಿ ತೂಕದ ಗದ್ದಲದಲ್ಲಿ ನನಗೆ ಅದು ಕೇಳಿಸದಿದ್ದರೂ ಹಮಾಲರಿಗೆ ಕೇಳಿಸುತ್ತದೆ, "ಮುನೀಮ್ರೇ, ಗುಳಿಗಿ!" ಅಂತ ಅವರೇ ಕೂಗುತ್ತಾರೆ. ಅವರಿಗೂ ಥ್ಯಾಂಕ್ಸ್.

ಡಾಕ್ಟರು ನಿಧಾನಕ್ಕೆ ಹೆಚ್ಚಿಸುತ್ತಾ ಹೋಗಿ, ದಿನಾ ಅರ್ಧ ತಾಸು, ವಾರಕ್ಕೆ 5 ದಿನವಾದರೂ ನಡೀರಿ ಅಂದಿದ್ದರು. ಎರಡು ತಿಂಗಳು ನಡೆದೆ. ಬಿಸಿಲು ಶುರುವಾಯಿತು ನೋಡಿ, ಬುದ್ಧಿ ಕೆಟ್ಟಿತು. ಫೋನನ್ನು ಮಿಲ್ಲಿನ ಹುಡುಗನ ಜೇಬಿಗೆ ಹಾಕಿ ಕಳಿಸತೊಡಗಿದೆ. ಅವನು ಗಂಜ್, ಬ್ಯಾಂಕ್, ಚಹಾದಂಗಡಿ ಅಂತ ದಿನವಿಡೀ ಸುತ್ತುವವನು. ಮಗಳು ಖುಷಿ, ನಾನೂ ಖುಷಿ. ಮೇ ತಿಂಗಳಲ್ಲಿ ಒಂದು ದಿನ 14,000 ಹೆಜ್ಜೆ ಬಿತ್ತು, ಅದೂ 43 ಡಿಗ್ರಿ ಬಿಸಿಲಿನಲ್ಲಿ, ಮಧ್ಯಾಹ್ನ 12ರಿಂದ 3ರೊಳಗೆ. ಗಾಬರಿಯಾಗಿ ಫೋನ್ ಮಾಡಿದಳು. ಎತ್ತಿದವನು ಹುಡುಗ. "ಅಕ್ಕಾರ, ಮುನೀಮ್ರು ಮಿಲ್‌ನಾಗ ಮಲಗ್ಯಾರ್ರಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಗ್ಗೆ ಐದೂವರೆಗೆ ಫೋನ್ ಮಾಡಿ "ಎದ್ದೇನಪಾ? ನಾನೂ ನಡೀಲಿಕತ್ತೀನಿ" ಅಂದಳು. ಅವತ್ತಿನಿಂದ ಅವಳು ತನ್ನ ಟೆರೇಸಿನ ಮೇಲೆ, ನಾನು ಕಲಬುರಗಿಯ ಅಪ್ಪನ ಕೆರೆ ದಂಡೆ ಮೇಲೆ, ಮಾತಾಡಿಕೊಂಡು ನಡೆಯುತ್ತೇವೆ. ಅವಳ ಮದುವೆಯಾದ ಮೇಲೆ ಇಷ್ಟು ಮಾತಾಡಿರಲಿಲ್ಲ. ಆ್ಯಪ್ ಸುಮ್ನೆ ಎಣಿಸುತ್ತದೆ ಅಷ್ಟೇ, ಆ ಲೆಕ್ಕವನ್ನು ಯಾರೋ ಒಬ್ಬರು ನೋಡಿ ಕೇಳುತ್ತಾರಲ್ಲ, ಕಾಲು ಎತ್ತಿಸುವುದು ಅದು.

ಇನ್ನು ಆಸ್ಪತ್ರೆಯ ಆ ಸಿಸ್ಟರ್‌ಗೆ. ಮನೆಯ ಬಿಪಿ ಮಷಿನ್‌ನಲ್ಲಿ ನನ್ನ ಬಿಪಿಯ ಮೇಲಿನ ಅಂಕಿ ಯಾವಾಗ ನೋಡಿದರೂ 160ರ ಮೇಲೆ. ಹೆದರಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಡ್ಯೂಟಿ ಮುಗಿಸಿ ವಿಡಿಯೋ ಕಾಲ್ ಮಾಡಿ "ಕಾಕಾ, ನೀವು ಹೆಂಗ ನೋಡ್ತೀರಿ ತೋರಸ್ರಿ" ಅಂದರು. ತೋರಿಸಿದೆ. ಮಹಡಿ ಹತ್ತಿ ಬಂದು, ಚಹಾ ಕುಡಿಯುತ್ತಾ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಹೆಂಡತಿ ಜೊತೆ ಜಗಳ ಮಾಡುತ್ತಾ. ಅವರಿಗೆ ನಗು ತಡೆಯಲಾಗಲಿಲ್ಲ. ಚಹಾ ಕುಡಿದು ಅರ್ಧ ತಾಸು ಆಗಿರಬೇಕು, 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಬರಿ ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ತುಟಿ ಬಿಚ್ಚದೆ ಕೂಡಬೇಕು, ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು ಅಂತ ಕಲಿಸಿದರು. ಹಾಗೆ ನೋಡಿದರೆ 136 ಬಂತು.

ಅಳಿಯ ಕೊಡಿಸಿದ ವಾಚಿನ ಕಥೆಯೂ ಇದೆ. ಒಂದು ರಾತ್ರಿ ನಾಡಿ 48 ಅಂತ ತೋರಿಸಿತು, ಮನೆಯವರೆಲ್ಲ ಎದ್ದು ಕೂತೆವು. ಬೆಳಗ್ಗೆ ಡಾಕ್ಟರು ಇಸಿಜಿ ಮಾಡಿಸಿ ನೋಡಿ, ನೀವು ತಗೊಳ್ಳುವ ಒಂದು ಗುಳಿಗೆ ನಾಡಿ ಇಳಿಸುತ್ತದೆ, ತಲೆ ಸುತ್ತಿಲ್ಲವಲ್ಲ, ಚಿಂತೆ ಬೇಡ ಅಂದರು. ಆಮೇಲೆ ಹೇಳಿದ್ದು ನೆನಪಿಡುವಂಥದ್ದು: ಹಾರ್ಟ್ ಅಟ್ಯಾಕ್ ಆಗಿದೆಯೋ ಇಲ್ಲವೋ ಅಂತ ವಾಚ್ ಹೇಳಲ್ಲ, ಎದೆ ನೋವು ಬಂದರೆ ವಾಚ್ ನೋಡುತ್ತಾ ಕೂಡಬೇಡಿ, 108ಕ್ಕೆ ಫೋನ್ ಮಾಡಿ.

ಹೆಂಡತಿಗೆ ಆ್ಯಪೂ ಬೇಡ, ವಾಚೂ ಬೇಡ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ಡಾಕ್ಟರು ಅಂದಾಗ, ಒಂದು ಕಿಲೋ ಪ್ಯಾಕೆಟ್ ಒಡೆದು ಅದರ ಮೇಲೆಯೇ ಪೆನ್ನಿನಲ್ಲಿ ತಾರೀಖು ಬರೆದಳು. ಇಬ್ಬರಿಗೆ ಕಡಿಮೆ ಅಂದರೂ 100 ದಿನ ಬರಬೇಕು, ನಮ್ಮದು 40 ದಿನಕ್ಕೆ ಖಾಲಿ! ಮುನೀಮನ ಮನೆಯಲ್ಲೇ ಈ ಲೆಕ್ಕ. ಉಪ್ಪಿನಕಾಯಿ ಭರಣಿ ಅಟ್ಟ ಹತ್ತಿತು, ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಉಪ್ಪು ಅರ್ಧವಾಯಿತು. ಮೊದಲ ತಿಂಗಳು ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಈಗಿನ ಪ್ಯಾಕೆಟ್ 85ನೇ ದಿನದಲ್ಲಿದೆ.

ಮೊನ್ನೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಭೂತಾಯಿಗೆ ನೈವೇದ್ಯದ ಚರಗ ಚೆಲ್ಲುತ್ತಾ ಬಿಳಿಜೋಳದ ಸುತ್ತ ಪೂರ್ತಿ ಒಂದು ಸುತ್ತು ಬಂದೆ. ಭಜ್ಜಿ ಒಂದೇ ಬಟ್ಟಲು. 6,200 ಹೆಜ್ಜೆ ಅಂತ ಮಗಳಿಗೆ ಕಳಿಸಿದೆ.

ತಕ್ಷಣ ಉತ್ತರ ಬಂತು: "ಫೋಟೋ ಕಳಸು. ಕಾಲು ಕಾಣಬೇಕು."