ಸಹಿ ಹಾಕಿದ ಮೇಲೆ, ಮನೆ ನಮ್ಮದಾಗುವ ಮೊದಲು

ನ್ಯೂಜೆರ್ಸಿ
ಮಾರ್ಚ್ ಕೊನೆಯ ವಾರ

ಪ್ರೀತಿಯ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮ. ಚಿಕ್ಕವನ ಕೆಮ್ಮು ಹೋಯಿತು ಅಮ್ಮ, ನೀನು ಚಿಂತೆ ಮಾಡಬೇಡ.

ಅಪ್ಪ, ಮೊನ್ನೆ ಫೋನಿನಲ್ಲಿ ನೀವು ಕೇಳಿದಿರಲ್ಲ, "ಮನೆ ನೋಡೋಕೆ ಐನೂರು ಆರುನೂರು ಡಾಲರ್ ಕೊಟ್ಟು ಇನ್ನೊಬ್ಬನನ್ನು ಯಾಕೆ ಕರೆಸಬೇಕು, ನಿಮಗೇ ಕಣ್ಣಿಲ್ವಾ" ಅಂತ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆ ಇನ್ನೊಬ್ಬ ಅಂದರೆ ಹೋಮ್ ಇನ್‌ಸ್ಪೆಕ್ಟರ್, ಕೊಳ್ಳುವವರ ಪರವಾಗಿ ಮನೆ ತಪಾಸಣೆ ಮಾಡುವವರು. ಮಾತಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮನೆ ಕಟ್ಟಿಸುವಾಗ ದಿನಾ ಸೈಟಿನಲ್ಲಿ ನಿಂತು ನೋಡಿದಿರಿ. ಪಾಯಕ್ಕೆ ಏನು ಹೋಯಿತು, ಕಂಬಿ ಎಷ್ಟು ಹಾಕಿದರು, ಎಲ್ಲ ನಿಮಗೆ ಗೊತ್ತು. ನಾವು ಇಲ್ಲಿ ನೋಡುತ್ತಿರುವುದೆಲ್ಲ ಹಳೇ ಮನೆಗಳು. ಎಪ್ಪತ್ತು ವರ್ಷದ ಮನೆ ಅಂದರೂ ಯಾರೂ ಹುಬ್ಬೇರಿಸುವುದಿಲ್ಲ. ಕಟ್ಟಿದವರು ಯಾರೋ, ನಡುವೆ ಇದ್ದು ಹೋದವರು ಎಷ್ಟು ಜನವೋ. ಗೋಡೆ ಕೂಡ ಇಟ್ಟಿಗೆಯದಲ್ಲ, ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು. ಒಳಗೆ ಕೊಳೆತಿದ್ದರೂ ಮೇಲೆ ಒಂದು ಕೋಟ್ ಪೇಂಟ್ ಬಳಿದರೆ ಹೊಸ ಮನೆ ಥರ ಹೊಳೆಯುತ್ತದೆ.

ಇಲ್ಲಿನ ಕ್ರಮ ಹೀಗಿದೆ. ಏಜೆಂಟ್ ತಯಾರಿಸಿದ ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಮೂರು ಕೆಲಸದ ದಿನ ವಕೀಲರ ಕೈಯಲ್ಲಿರುತ್ತದೆ. ಅಷ್ಟರೊಳಗೆ ಯಾರ ವಕೀಲರು ಬೇಕಾದರೂ ಅದನ್ನು ರದ್ದು ಮಾಡಬಹುದು. ಆಮೇಲೆ ತಪಾಸಣೆಗೆ ಅಂತ ಒಂದಷ್ಟು ದಿನ, ಸಾಮಾನ್ಯವಾಗಿ ಎರಡು ವಾರದೊಳಗೆ. ಆಗ ದೊಡ್ಡ ದೋಷ ಸಿಕ್ಕಿ, ಮಾರುವವರು ಅದನ್ನು ಸರಿಮಾಡಿಸಲು ಒಪ್ಪದಿದ್ದರೆ, ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಎದ್ದು ಬರಬಹುದು. ಆ ಗಡುವು ಮುಗಿದ ಮೇಲೆ ಸುಮ್ಮನೆ ಬೇಡ ಅಂದರೆ ಸಾಮಾನ್ಯವಾಗಿ ಅಡ್ವಾನ್ಸ್ ಮರೆತುಬಿಡಬೇಕು. ನಾವು ಆರುನೂರು ಡಾಲರ್ ಕೊಡುವುದು ಇದಕ್ಕೇ ಅಪ್ಪ. ಎದ್ದು ಬರುವ ದಾರಿ ಇನ್ನೂ ತೆರೆದಿರುವಾಗಲೇ ವಿಷಯ ತಿಳಿದುಕೊಳ್ಳೋಕೆ.

ಬ್ಯಾಂಕಿನವರೂ ಒಬ್ಬರನ್ನು ಕಳಿಸುತ್ತಾರೆ, ಅದು ಸಾಲದಾ ಅಂತ ನೀವು ಕೇಳಬಹುದು. ಅವರು ಬರುವುದು ಸಾಲ ಕೊಡುವಷ್ಟು ಬೆಲೆ ಮನೆಗೆ ಇದೆಯಾ ಅಂತ ಲೆಕ್ಕ ಹಾಕೋಕೆ. ಒಲೆ ಉರಿಯುತ್ತದಾ, ಅಟ್ಟ ಸೋರುತ್ತದಾ, ಅದು ಅವರಿಗೆ ಬೇಕಿಲ್ಲ. ಊರಿನ ಆಡಳಿತದಿಂದಲೂ ಮಾರುವವರು ಒಂದು ಸರ್ಟಿಫಿಕೇಟ್ ತರಬೇಕು. ಅದರಲ್ಲಿ ನೋಡುವುದು ಹೊಗೆಯ ಅಲಾರ್ಮ್, ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್, ಬೆಂಕಿ ಆರಿಸುವ ಸಿಲಿಂಡರ್ ಅಷ್ಟೇ. ಕೊಳ್ಳುವವರ ಪರವಾಗಿ ಮನೆ ನೋಡುವವರು ಹೋಮ್ ಇನ್‌ಸ್ಪೆಕ್ಟರ್ ಒಬ್ಬರೇ. ಅವರಿಗೂ ಮಿತಿ ಇದೆ. ಗೋಡೆ ಒಡೆದು ನೋಡುವ ಹಾಗಿಲ್ಲ, ಬೀರು ಸರಿಸುವುದಿಲ್ಲ. ಕಣ್ಣಿಗೆ ಕಂಡದ್ದು, ಕೈಗೆ ಎಟುಕಿದ್ದು ಮಾತ್ರ ಬರೆಯುತ್ತಾರೆ. ಕೊಳ್ಳಿ ಅಥವಾ ಬಿಡಿ ಅಂತಲೂ ಹೇಳುವುದಿಲ್ಲ. ಪಾಸು ಫೇಲು ಅನ್ನೋದೇ ಇಲ್ಲ.

ಮೊದಲು ಒಪ್ಪಿದ ಮನೆ ಕೈಬಿಟ್ಟಿದ್ದು ಯಾಕೆ ಅಂತ ಅಮ್ಮ ಕೇಳುತ್ತಲೇ ಇದ್ದಾಳಲ್ಲ, ಅದನ್ನು ಹೇಳುತ್ತೇನೆ. ಅಡುಗೆಮನೆ ಹೊಚ್ಚಹೊಸದು, ನೆಲ ಕನ್ನಡಿ ಹಾಗೆ. ಇನ್‌ಸ್ಪೆಕ್ಟರ್ ಅದರ ಕಡೆ ತಿರುಗಿಯೂ ನೋಡದೆ ನೆಲಮಾಳಿಗೆಗೆ ಇಳಿದರು. ಮುಂದಿನ ಗೋಡೆಯಲ್ಲಿ, ನೆಲದಿಂದ ಒಂದಡಿ ಮೇಲೆ, ಪೆನ್ಸಿಲ್ ದಪ್ಪದ ಎರಡು ತಾಮ್ರದ ಕೊಳವೆಗಳ ತುದಿ ಚಾಚಿಕೊಂಡಿತ್ತು. ಕತ್ತರಿಸಿ, ತುದಿ ಚಪ್ಪಟೆ ಮಾಡಿ, ಮೇಲೆ ಗೋಡೆಯದೇ ಬಣ್ಣ ಬಳಿದಿದ್ದರು. ಇನ್‌ಸ್ಪೆಕ್ಟರ್ ಏನೂ ಮಾತಾಡದೆ ಹೊರಗೆ ಹೋಗಿ ಪೊದೆ ಸರಿಸಿದರು. ಅಲ್ಲೊಂದು ಗಿಡ್ಡ ಕಬ್ಬಿಣದ ಪೈಪ್ ಇತ್ತು. "ಅಂಗಳದಲ್ಲಿ ಎಣ್ಣೆ ಟ್ಯಾಂಕ್ ಹೂತಿರಬಹುದು" ಅಂದರು.

ಗ್ಯಾಸ್ ಬರುವ ಮೊದಲು ಈ ಕಡೆ ಎಷ್ಟೋ ಮನೆಗಳಲ್ಲಿ ಚಳಿಗಾಲಕ್ಕೆ ಎಣ್ಣೆ ಉರಿಸುತ್ತಿದ್ದರು. ಅದಕ್ಕೆ ಅಂಗಳದಲ್ಲೇ ಕಬ್ಬಿಣದ ಟ್ಯಾಂಕ್ ಹೂಳುತ್ತಿದ್ದರು. ಅಂಥ ತಾಮ್ರದ ಕೊಳವೆಗಳಲ್ಲೇ ಎಣ್ಣೆ ಮನೆಯೊಳಗೆ ಬರುತ್ತಿತ್ತು. ಗ್ಯಾಸ್ ಹಾಕಿಸಿಕೊಂಡ ಮೇಲೆ ತುಂಬಾ ಜನ ಟ್ಯಾಂಕನ್ನು ಅಲ್ಲೇ ಬಿಟ್ಟರು. ಅದು ತುಕ್ಕು ಹಿಡಿದು ಎಣ್ಣೆ ಮಣ್ಣಿಗೆ ಇಳಿದರೆ, ಆ ಮಣ್ಣು ಅಗೆದು ಸಾಗಿಸುವ ಖರ್ಚು ಹತ್ತಾರು ಸಾವಿರ ಡಾಲರ್ ಆಗಬಹುದು. ಸೋರಿದ್ದು ಹಿಂದಿನವರ ಕಾಲದಲ್ಲಿ ಅಂತ ಹೇಳಿದರೂ, ಹೊಣೆ ಈಗಿನ ಮಾಲೀಕರ ತಲೆಗೆ ಬರುತ್ತದೆ. ಮನೆಯ ಇನ್ಶೂರೆನ್ಸ್ ಸಾಮಾನ್ಯವಾಗಿ ಇದಕ್ಕೆ ಕೊಡುವುದಿಲ್ಲ. ಟ್ಯಾಂಕ್ ಹುಡುಕುವವರು ಬೇರೆಯೇ ಇದ್ದಾರೆ, ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಅಂಗಳ ಸುತ್ತುತ್ತಾರೆ. ಬಂದರು, ಯಂತ್ರ ಕೂಗಿತು. ಮಾರುವವರು "ನಮಗೆ ಗೊತ್ತೇ ಇರಲಿಲ್ಲ" ಅಂದರು. ತೆಗೆಸಿ, ಮಣ್ಣು ಪರೀಕ್ಷೆ ಮಾಡಿಸಿ ಕೊಡಿ ಅಂದರೆ ಒಪ್ಪಲಿಲ್ಲ. ನಾವು ಎದ್ದು ಬಂದೆವು. ಆ ಅಡುಗೆಮನೆ ನೆನಪಾದರೆ ಇವರು ಈಗಲೂ ನಿಟ್ಟುಸಿರು ಬಿಡುತ್ತಾರೆ.

ಇದರಿಂದ ಇನ್ನೊಂದು ವಿಷಯ ಸ್ಪಷ್ಟವಾಯಿತು. ಮಾಮೂಲಿ ತಪಾಸಣೆಯ ಫೀಸಿನಲ್ಲಿ ಟ್ಯಾಂಕ್ ಹುಡುಕುವುದು ಸೇರುವುದಿಲ್ಲ. ಒಳಚರಂಡಿ, ರೇಡಾನ್, ಗೆದ್ದಲು ಕೂಡ ಅಷ್ಟೇ, ಒಂದೊಂದಕ್ಕೂ ಬೇರೆ ದುಡ್ಡು. ಅಲ್ಲಿ ಇನ್ನೂರು ಮುನ್ನೂರು ಉಳಿಸೋಣ ಅಂತ ಬಿಡುವವರೇ ಜಾಸ್ತಿ. ನನಗೆ ಕೇಳಿದರೆ, ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಬೇಕು. ಮನೆಯಿಂದ ಬೀದಿಯ ದೊಡ್ಡ ಪೈಪಿನವರೆಗೆ ಹೋಗುವ ಒಳಚರಂಡಿ ಸಾಮಾನ್ಯವಾಗಿ ಮನೆಯವರದೇ ಜವಾಬ್ದಾರಿ. ಹಳೇ ಮನೆಗಳಲ್ಲಿ ಅದು ಎಷ್ಟೋ ಸಲ ಮಣ್ಣಿನ ಪೈಪ್, ಸಂದಿಗಳಲ್ಲಿ ಮರದ ಬೇರು ನುಗ್ಗಿರಬಹುದು. ಉದ್ದ ವೈರಿಗೆ ಕ್ಯಾಮೆರಾ ಕಟ್ಟಿ ಒಳಗೆ ಬಿಟ್ಟರೆ ಎಲ್ಲ ಕಾಣುತ್ತದೆ.

ರೇಡಾನ್ ಕಥೆ ನಿಮಗೆ ಇಷ್ಟವಾಗಬಹುದು ಅಪ್ಪ. ನೆಲದಲ್ಲಿರುವ ಯುರೇನಿಯಂನಿಂದ ಹುಟ್ಟಿ ಪಾಯದ ಬಿರುಕಿನಲ್ಲಿ ಮನೆಯೊಳಗೆ ಬರುವ, ವಿಕಿರಣ ಸೂಸುವ ಅನಿಲ ಅದು. ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ 1984ರಲ್ಲಿ ಲಿಮರಿಕ್ ಅಣು ವಿದ್ಯುತ್ ಸ್ಥಾವರ ಇನ್ನೂ ಕಟ್ಟುತ್ತಿದ್ದ ಕಾಲ. ಅಲ್ಲಿನ ಒಬ್ಬ ಇಂಜಿನಿಯರ್ ವಿಕಿರಣ ಪತ್ತೆ ಮಾಡುವ ಬಾಗಿಲು ದಾಟಿದಾಗೆಲ್ಲ ಅಲಾರ್ಮ್ ಹೊಡೆದುಕೊಳ್ಳುತ್ತಿತ್ತು. ಹುಡುಕಿದರೆ ವಿಕಿರಣ ಅಂಟಿದ್ದು ಸ್ಥಾವರದಲ್ಲಲ್ಲ, ಅವರ ಮನೆಯಲ್ಲಿ! ಈಗಿನ ಮಿತಿಯ ನೂರಾರು ಪಟ್ಟು ರೇಡಾನ್ ಅಲ್ಲಿತ್ತು. ಅದೇ ಬಂಡೆಯ ಪಟ್ಟಿ, ರೆಡಿಂಗ್ ಪ್ರಾಂಗ್ ಅಂತಾರೆ, ನಮ್ಮ ನ್ಯೂಜೆರ್ಸಿಯ ಉತ್ತರ ಭಾಗದಲ್ಲೂ ಹಾದುಹೋಗುತ್ತದೆ. ಇಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟಿನ ನಂತರದ ಕಾರಣ ಇದೇ ಅಂತ ಪರಿಸರ ಇಲಾಖೆ ಹೇಳುತ್ತದೆ. ಪರೀಕ್ಷೆ ಸುಲಭ. ಕಿಟಕಿ ಮುಚ್ಚಿ, ಕನಿಷ್ಠ 48 ಗಂಟೆ ಒಂದು ಡಬ್ಬಿ ಇಡುತ್ತಾರೆ. ಒಂದು ಲೀಟರ್ ಗಾಳಿಯಲ್ಲಿ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕೂ ಮೇಲೆ ಬಂದರೆ ಸರಿಮಾಡಿಸಬೇಕು. ನಾವು ಈಗ ನೋಡಿರುವ ಮನೆಯಲ್ಲಿ ಮಿತಿಗಿಂತ ಸ್ವಲ್ಪ ಜಾಸ್ತಿಯೇ ಬಂತು. ಗಾಬರಿ ಬೇಡ ಅಮ್ಮ. ನೆಲದಡಿಯಿಂದ ಚಾವಣಿ ಮೇಲಕ್ಕೆ ಒಂದು ಪೈಪ್ ಎಳೆದು ಫ್ಯಾನ್ ಕೂರಿಸಿದರೆ ಕಡಿಮೆಯಾಗುತ್ತದೆ. ಒಂದು ದಿನದ ಕೆಲಸ.

ಈ ಎರಡನೇ ಮನೆ ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ. ಆದರೆ ಇನ್‌ಸ್ಪೆಕ್ಟರ್ ಜೊತೆ ಮೂರು ಗಂಟೆ ಸುತ್ತಿದ ಮೇಲೆ ನನಗೆ ಇದರ ಮೇಲೇ ನಂಬಿಕೆ ಬಂತು. ಜೊತೆಗೇ ಹೋಗಬೇಕು ಅಪ್ಪ, ರಿಪೋರ್ಟ್ ಬರಲಿ ಅಂತ ಕಾಯಬಾರದು. ರಿಪೋರ್ಟ್ ಐವತ್ತು ಪುಟ ದಾಟಿತ್ತು. ಅದರಲ್ಲಿ ಸಡಿಲವಾದ ಬಾಗಿಲ ಹಿಡಿಯೂ ಕೆಂಪು ಅಕ್ಷರದಲ್ಲಿ, ಒಡೆದ ಪೈಪೂ ಕೆಂಪು ಅಕ್ಷರದಲ್ಲಿ. ಓದಿದರೆ ಮನೆ ನಾಳೆಯೇ ಬೀಳುತ್ತದೆ ಅನ್ನಿಸಬೇಕು. ಎದುರಿಗೆ ನಿಂತು "ಇದು ನಿಮ್ಮ ಮನೆಯಾಗಿದ್ದರೆ ಮೊದಲು ಏನು ಮಾಡುತ್ತಿದ್ದಿರಿ" ಅಂತ ಕೇಳಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ಅವರ ಕೈಯಲ್ಲಿ ಮೂರು ಪುಟ್ಟ ದೀಪಗಳಿರುವ ಒಂದು ಪ್ಲಗ್ ಇತ್ತು. ಪ್ರತಿ ಸಾಕೆಟ್ಟಿಗೂ ಚುಚ್ಚಿ ನೋಡುತ್ತಾ ಹೋದರು. ಮಲಗುವ ಕೋಣೆಗಳಲ್ಲಿ ಒಂದೇ ದೀಪ ಹತ್ತಿತು. ಮೂರು ತೂತಿನ ಹೊಸ ಸಾಕೆಟ್, ಆದರೆ ಹಿಂದೆ ಇರುವುದು ಹಳೇ ಎರಡೇ ವೈರ್. ಅರ್ತಿಂಗೇ ಇಲ್ಲ! ಸುಮ್ನೆ ತೋರಿಕೆಗೆ ಮೂರನೇ ತೂತು. ನಾವು ನೂರು ಸಲ ನೋಡಿದ್ದರೂ ಇದು ಗೊತ್ತಾಗುತ್ತಿರಲಿಲ್ಲ, ಅಲ್ವಾ? ನೀರು ಕಾಯಿಸುವ ಟ್ಯಾಂಕಿನ ವಯಸ್ಸನ್ನು ಅದರ ಸೀರಿಯಲ್ ನಂಬರ್ ಓದಿಯೇ ಹೇಳಿದರು. ಹತ್ತು ಹನ್ನೆರಡು ವರ್ಷ ಬಾಳುವುದು, ಇದಕ್ಕೆ ಆಗಲೇ ಹದಿನಾಲ್ಕು. ಚಾವಣಿಗೆ ಇನ್ನೂ ಏಳೆಂಟು ವರ್ಷ ಯೋಚನೆಯಿಲ್ಲ ಅಂದರು. ಏಸಿ ಮಾತ್ರ ಓಡಿಸಿ ನೋಡಲಿಲ್ಲ. ಹೊರಗೆ ಇಷ್ಟು ಚಳಿ ಇರುವಾಗ ಓಡಿಸಿದರೆ ಕಂಪ್ರೆಸರ್ ಹಾಳಾಗುತ್ತದಂತೆ. ಅದನ್ನೂ ರಿಪೋರ್ಟಿನಲ್ಲಿ ಬರೆದಿದ್ದಾರೆ, ಏನು ನೋಡಿಲ್ಲ ಅನ್ನೋದೂ ನಮಗೆ ಗೊತ್ತಿರಲಿ ಅಂತ.

1978ಕ್ಕಿಂತ ಹಳೇ ಮನೆಯಾದ್ದರಿಂದ ಪೇಂಟಿನಲ್ಲಿ ಸೀಸ ಇರಬಹುದು. ಆ ವರ್ಷ ಮನೆಗೆ ಸೀಸದ ಪೇಂಟ್ ಬಳಸುವುದನ್ನು ಇಲ್ಲಿ ನಿಷೇಧಿಸಿದರು. ಮಾರುವವರು ತಮಗೆ ಗೊತ್ತಿದ್ದದ್ದನ್ನು ಹೇಳಬೇಕು, ಪರೀಕ್ಷೆ ಮಾಡಿಸೋಕೆ ನಮಗೆ ಹತ್ತು ದಿನ ಅವಕಾಶ ಕೊಡಬೇಕು ಅಂತ ಕಾನೂನೇ ಇದೆ. ಚಿಕ್ಕವನು ಕಿಟಕಿ ಅಂಚು ಕಚ್ಚುವ ವಯಸ್ಸು, ಹಾಗಾಗಿ ಮಾಡಿಸುತ್ತಿದ್ದೇವೆ.

ಇನ್‌ಸ್ಪೆಕ್ಟರನ್ನು ನಾವೇ ಹುಡುಕಿಕೊಂಡೆವು. ಏಜೆಂಟ್ ಮೂರು ಹೆಸರು ಕೊಟ್ಟಿದ್ದರು, ಒಳ್ಳೆಯವರೇ ಇರಬಹುದು. ಆದರೆ ಮನೆ ಮಾರಾಟವಾದರೆ ತಾನೇ ಏಜೆಂಟಿಗೆ ಕಮಿಷನ್? ಕೆಲವು ರಾಜ್ಯಗಳಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಕಡ್ಡಾಯವಲ್ಲ, ನ್ಯೂಜೆರ್ಸಿಯಲ್ಲಿ ಕಡ್ಡಾಯ. ಲೈಸೆನ್ಸ್ ಜೊತೆಗೆ ಅವರ ಹಳೇ ರಿಪೋರ್ಟ್ ಒಂದನ್ನು ಕೇಳಿ ಓದಿದೆ. ಫೋಟೋ ಹಾಕಿ ಬಿಡಿಸಿ ಬರೆಯುತ್ತಾರಾ, "ಇನ್ನೊಬ್ಬ ಪರಿಣತರಿಗೆ ತೋರಿಸಿ" ಅಂತ ಎಲ್ಲದಕ್ಕೂ ಬರೆದು ಕೈತೊಳೆದುಕೊಳ್ಳುತ್ತಾರಾ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

ನಾಲ್ಕೈದು ವರ್ಷದ ಹಿಂದೆ ಮನೆಗೆ ಜನ ಮುಗಿಬಿದ್ದಾಗ, ತಪಾಸಣೆಯೇ ಬೇಡ ಅಂತ ಬರೆದುಕೊಟ್ಟು ಕೊಂಡವರು ನಮ್ಮ ಪರಿಚಯದಲ್ಲೇ ಇದ್ದಾರೆ. ಪೈಪೋಟಿ ಜೋರಾಗಿದ್ದರೆ ನಡುವಿನ ದಾರಿಯೂ ಇದೆ. ಸಣ್ಣಪುಟ್ಟದಕ್ಕೆ ಕೇಳುವುದಿಲ್ಲ, ಪಾಯ, ಟ್ಯಾಂಕ್, ಒಳಚರಂಡಿಯಂಥ ದೊಡ್ಡದು ಬಂದರೆ ಮಾತ್ರ ಮಾತಾಡುತ್ತೇವೆ ಅಂತ ಬರೆದುಕೊಡಬಹುದು. ನಾವೂ ಹಾಗೇ ಮಾಡಿದ್ದು.

ಈಗ ಮಾರುವವರಿಗೆ ನಾವು ಕೇಳಿರುವುದು ಮೂರೇ: ರೇಡಾನ್ ಪೈಪ್, ಅರ್ತಿಂಗ್, ಒಳಚರಂಡಿಯಲ್ಲಿ ಬೇರು ನುಗ್ಗಿರುವ ಭಾಗ. ನೀವೇ ಮಾಡಿಸಿ ಅನ್ನಲಿಲ್ಲ, ಅಷ್ಟು ದುಡ್ಡು ಕ್ಲೋಸಿಂಗಿನಲ್ಲಿ, ಅಂದರೆ ಹಣ ಕೊಟ್ಟು ಮನೆ ನಮ್ಮದಾಗುವ ದಿನ, ಕಳೆಯಿರಿ ಅಂದೆವು. ಮನೆ ಬಿಟ್ಟು ಹೋಗುವವರು ಮಾಡಿಸಿದರೆ ಅಗ್ಗದ ಕೆಲಸದವರನ್ನೇ ತರುತ್ತಾರೆ. ಬಾಗಿಲ ಹಿಡಿ, ಒಡೆದ ಟೈಲ್ಸ್ ಪಟ್ಟಿಯಲ್ಲಿ ಹಾಕಲಿಲ್ಲ. ಅದನ್ನೂ ಹಾಕಿದ್ದರೆ ದೊಡ್ಡದಕ್ಕೂ ಬೆಲೆ ಹೋಗುತ್ತಿತ್ತು. ಶುಕ್ರವಾರದೊಳಗೆ ಉತ್ತರ ಬರಬೇಕು.

ನೆಲಮಾಳಿಗೆಯ ಗೋಡೆಯ ಫೋಟೋ ವಾಟ್ಸಾಪಿಗೆ ಹಾಕಿದ್ದೇನೆ ಅಪ್ಪ, ಕನ್ನಡಕ ಹಾಕಿಕೊಂಡು ನೋಡಿ. ಬಿರುಕು ಮೇಲಿನಿಂದ ಕೆಳಗೆ ನೇರವಾಗಿದೆ, ಕೂದಲೆಳೆಯಷ್ಟು. ಅಡ್ಡಡ್ಡ ಬಂದಿದ್ದರೆ ಹೊರಗಿನ ಮಣ್ಣು ಗೋಡೆ ತಳ್ಳುತ್ತಿದೆ ಅಂತ ಅರ್ಥ, ಆಗ ಚಿಂತೆ, ಇದಕ್ಕೆ ಬೇಡ ಅಂದರು ಇನ್‌ಸ್ಪೆಕ್ಟರ್. ಆ ಮೂಲೆಯಲ್ಲಿ ಉಪ್ಪಿನಂಥ ಬಿಳಿ ಪುಡಿ ಇದೆ, ಚಾವಣಿ ನೀರಿನ ಪೈಪ್ ಅಲ್ಲೇ ಗೋಡೆ ಬುಡಕ್ಕೆ ಸುರಿಯುತ್ತಿದೆ. ಪೈಪನ್ನು ದೂರಕ್ಕೆ ತಿರುಗಿಸಿ, ಮಣ್ಣಿಗೆ ಹೊರಗಡೆ ಇಳಿಜಾರು ಕೊಟ್ಟರೆ ಸಾಕಂತೆ, ಹತ್ತಡಿಗೆ ಆರು ಇಂಚು. ನಿಮಗೇನನ್ನಿಸುತ್ತದೆ, ಗುರುವಾರದೊಳಗೆ ಫೋನ್ ಮಾಡಿ ಹೇಳಿ. ನಿಮ್ಮ ಸಮಯ ರಾತ್ರಿ ಎಂಟಕ್ಕೆ ಮಾಡಿದರೆ ನಾನು ಸಿಗುತ್ತೇನೆ.

ನಿಮ್ಮ ಮಗಳು